ಬಿಳಿ ಸೀರೆಯ ಬಿಳಿ ಹೂಗಳು

ಕ್ಯಾಮೆರಾಕ್ಕೆ ಬಿಳಿ ಬಣ್ಣವೆಂದರೆ ಆಗಿಬರುವುದಿಲ್ಲ. ಎದುರಿಗೆ ಏನೇ ಬರಲಿ, ಅದನ್ನು ನಡುಮಟ್ಟದ ಬೂದಿ ಬಣ್ಣಕ್ಕೆ ಇಳಿಸುವುದೇ ಅದರ ಹಟ. ಬಿಳಿ ಸೀರೆ ಮಾಸಿದಂತೆ ಕಾಣುತ್ತದೆ, ಮುಖಗಳು ಕಪ್ಪಿಡುತ್ತವೆ. ಅದಕ್ಕೇ ನಾವು ಫೋಟೋ ತೆಗೆಯುವವರು ಗುಂಡಿಯನ್ನು ಪ್ಲಸ್ ಕಡೆ ತಿರುಗಿಸಿ, ಅದರ ಲೆಕ್ಕಕ್ಕಿಂತ ಹೆಚ್ಚು ಬೆಳಕು ಕೊಡುತ್ತೇವೆ.

ನಮ್ಮ ಬೌದ್ಧರ ಮದುವೆಗಳಲ್ಲಿ ವಧೂವರರು ಉಡುವುದು ಬಿಳಿ. ರೀಲಿನ ಕಾಲದಲ್ಲಿ ನಾನು ಕಣ್ಣುಮುಚ್ಚಿ ಪ್ಲಸ್ ಎರಡಕ್ಕೆ ಇಡುತ್ತಿದ್ದೆ. ಬೆಳಕು ಹೆಚ್ಚಾದರೂ ನೆಗೆಟಿವ್ ತಡೆದುಕೊಳ್ಳುತ್ತಿತ್ತು, ಪ್ರಿಂಟ್ ಹಾಕುವವನು ಸರಿಮಾಡಿ ಕೊಡುತ್ತಿದ್ದ. ಡಿಜಿಟಲ್‌ನಲ್ಲಿ ಬೆಳಕು ಹೆಚ್ಚಾಗಿ ಸುಟ್ಟುಹೋದ ಬಿಳಿಯೊಳಗಿನ ವಿವರ ಮತ್ತೆ ಬರುವುದಿಲ್ಲ. ವಾಡಿಯಲ್ಲಿ ಸ್ಟುಡಿಯೋ ಇಟ್ಟುಕೊಂಡ ನನಗೆ ಇದು ಗೊತ್ತಿಲ್ಲದ್ದೇನಲ್ಲ.

ಈ ಬೇಸಿಗೆಯಲ್ಲಿ ಚಿಗವ್ವನ ಮಗಳ ಮದುವೆಯಾಯಿತು. ಚಿಗವ್ವ ನನ್ನ ತಾಯಿಯ ತಂಗಿ, ಇರುವುದು ರಾವೂರಿನಲ್ಲಿ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತಿದ್ದರೂ, ಮಗಳ ಬಿಳಿ ಸೀರೆಯ ಸೆರಗಿಗೆ ಬಿಳಿ ದಾರದಲ್ಲೇ ಹೂವಿನ ಕಸೂತಿ ಹಾಕಿದ್ದಳು.

“ಹೂವ ಭಾಳ ಚಂದ ಬರಬೇಕು ನೋಡು ತಮ್ಮಾ,” ಎಂದು ಮದುವೆಯ ಬೆಳಿಗ್ಗೆ ಹೇಳಿಯೂ ಇದ್ದಳು. ನಾನು ಹಳೇ ಚಾಳಿಯಂತೆ ಪ್ಲಸ್ ಎರಡಕ್ಕೆ ತಿರುಗಿಸಿದೆ. ಬಿಳಿ ಸುಟ್ಟರೆ ಕ್ಯಾಮೆರಾದ ಪರದೆಯ ಮೇಲೆ ಆ ಜಾಗ ಮಿಟುಕಿ ಎಚ್ಚರಿಸುತ್ತದೆ. ಅದು ಕಿರಿಕಿರಿ ಎಂದು ಬಂದ್ ಮಾಡಿಟ್ಟವನು ನಾನೇ. ಮುಖಗಳು ಬೆಳ್ಳಗೆ ಬಂದಿವೆ ಎಂದು ಎಲ್ಲರೂ ಹೊಗಳಿದರು, ನಾನು ಉಬ್ಬಿದೆ.

ಆಲ್ಬಮ್ ಕೊಡಲು ಹೋದಾಗ ಚಿಗವ್ವ ಒಂದೊಂದು ಹಾಳೆಯನ್ನೂ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಸೆರಗಿನ ಮೇಲೆ ಬೆರಳಾಡಿಸಿದಳು. ಸುಣ್ಣ ಬಳಿದ ಗೋಡೆಯಂತೆ ಅಲ್ಲಿ ಬರೀ ಬಿಳುಪಿತ್ತು.

“ಹೂವ ಕಾಣವಲ್ವಲ್ಲೋ. ನಿನಗ ಕಾಣಸ್ತಾವೇನು?”

ಹೆಚ್ಚು ಬೆಳಕು ಕೊಟ್ಟು ಹೂಗಳನ್ನು ಸುಟ್ಟವನು ನಾನೇ.

“ಚಂದ ಕಾಣಸ್ತಾವ ಚಿಗವ್ವ,” ಎಂದುಬಿಟ್ಟೆ.

“ಹಂಗಾದ್ರ ನನ್ನ ಕಣ್ಣೇ ಹೋದ್ವು ಬಿಡು.”

ಆಲ್ಬಮ್ ಮುಚ್ಚಿಟ್ಟು ನನಗೆ ಚಹಾ ಮಾಡಲು ಎದ್ದಳು. ನಾಚಿಕೆಯಿಲ್ಲದೆ ಅದನ್ನು ಕುಡಿದೂ ಬಂದೆ.

ಮೊನ್ನೆ ಅವಳ ಮಗಳು ಫೋನ್ ಮಾಡಿದ್ದಳು. ಚಿಗವ್ವ ಅರ್ಧ ಹೊಲಿದಿದ್ದ ಕೌದಿಯನ್ನೂ ಸೂಜಿದಾರವನ್ನೂ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದಾಳಂತೆ. “ಯಾಕವ್ವ ಅಂದ್ರ, ಎಲ್ಲರಿಗೂ ಕಾಣೋದು ನನಗ ಕಾಣಂಗಿಲ್ಲ, ಇನ್ನ ಏನ್ ಹೊಲೀಲಿ ಅಂತಾಳಣ್ಣ,” ಎಂದು ಅತ್ತಳು. ಕಣ್ಣಿನ ಡಾಕ್ಟರಿಗೆ ತೋರಿಸು ಎಂದಷ್ಟೇ ಹೇಳಿ ಫೋನ್ ಇಟ್ಟೆ. ವಾಡಿಯಿಂದ ರಾವೂರು ತೀರಾ ಹತ್ತಿರ. ನಾನಿನ್ನೂ ಹೋಗಿಲ್ಲ.