ಇನ್ನೊಂದು ಎಡೆ

ಕೆಂಡಲ್ ಪಾರ್ಕ್ ಎಂಬ ಊರಲ್ಲಿ ಮನೆ ಮಾಡಿದ್ದ ಚಿತ್ರಾ ಮ್ಯಾನ್‌ಹಟನ್‌ನಲ್ಲಿ, ಪುಟ್ಟದೊಂದು ಬೆಟ್ಟದ ದೇಶದ ರಾಯಭಾರ ಕಚೇರಿಯಲ್ಲಿ ಅತಿಥಿಗಳ ಊಟ, ವಸತಿ ನೋಡಿಕೊಳ್ಳುತ್ತಿದ್ದಳು. ಆ ದೇಶದಲ್ಲಿ ಯುದ್ಧ ನಿಂತು, ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಅಲ್ಲಿನ ಸಂಸತ್ತಿನ ಒಪ್ಪಿಗೆಯೊಂದು ಬಾಕಿ. ಹಿರಿಯ ಸಂಸದೆ ಇಲಾರಾ ಹೂಂ ಎಂದರೆ ಅವರ ಪಕ್ಷವೆಲ್ಲ ಹೂಂ ಎನ್ನುತ್ತಿತ್ತು. ವಿಶ್ವಸಂಸ್ಥೆಯ ಸಭೆಗೆ ಬಂದಿದ್ದ ಅವರನ್ನು ಒಲಿಸಲು ರಾಯಭಾರಿ ಪಟ್ಟ ಪಾಡು ಅಷ್ಟಿಷ್ಟಲ್ಲ.

“ಹೋಟೆಲಿನಲ್ಲಿ ಅವರು ಮಾತೇ ಆಡೋದಿಲ್ಲ. ನಿಮ್ಮ ಮನೆಗೆ ಊಟಕ್ಕೆ ಕರೀತೀರಾ?” ಎಂದರು ರಾಯಭಾರಿ. “ಅವರ ಮಗ ಯುದ್ಧಕ್ಕೆ ಹೋದವನು ವಾಪಸ್ ಬರಲಿಲ್ಲ.”

ಚಿತ್ರಾ ಒಪ್ಪಿದಳು. ಊಟಕ್ಕೆ ಗೊತ್ತಾದ ದಿನ ಮಹಾಲಯ ಅಮಾವಾಸ್ಯೆ. ತೀರಿಹೋದ ತಾಯಿ ನಿಂಗಮ್ಮನಿಗೆ ಚಿತ್ರಾ ಎಡೆ ಇಡುವ ದಿನ. ಕಜ್ಜಾಯ, ವಡೆ, ಕೋಳಿ ಸಾರು ಎಲ್ಲ ಆಗಿತ್ತು. ಧೂಪದ ಹೊಗೆಗೆ ಅಲಾರ್ಮ್ ಕೂಗದಿರಲೆಂದು ಗಂಡ ನವನೀತ್ ಕಿಟಕಿ ತೆರೆಯುತ್ತಿದ್ದ.

“ಎರಡು ಎಲೆ ಯಾಕೆ?”

“ಇನ್ನೊಂದು ಆ ಹುಡುಗನಿಗೆ ಕಣ್ರೀ. ಫೋಟೋ ಆನ್‌ಲೈನಲ್ಲಿ ಸಿಕ್ತು, ಪ್ರಿಂಟ್ ತೆಗೆದೆ. ಪಾಪ, ಅವನಿಗೆ ಯಾರು ಇಡ್ತಾರೆ?”

“ನೀನೇ ಅಂಬಾಸಿಡರ್ ಆಗ್ಬಿಡು. ಆ ಮನುಷ್ಯ ಮನೇಲಿ ಕೂರ್ಲಿ.”

ಸಂಜೆ ರಾಯಭಾರಿಯ ಜೊತೆ ಇಲಾರಾ ಬಂದರು. ಬಾಗಿಲಲ್ಲೇ ಚಪ್ಪಲಿ ಕಳಚಿ, ಎಡೆಯ ಮುಂದೆ ನಿಂತರು.

“ಇವರು ನಮ್ಮಮ್ಮ. ಹೋದವರು ಇವತ್ತು ಬಂದು ಉಣ್ತಾರೆ, ಆಮೇಲೆ ನಾವು,” ಎಂದಳು ಚಿತ್ರಾ.

ಇಲಾರಾ ಪಕ್ಕದ ಎಲೆಯತ್ತ ನೋಡಿದರು. ಹೂ ಮುಡಿಸಿದ ಫೋಟೋದಲ್ಲಿ ಅವರ ಮಗ ನಗುತ್ತಿದ್ದ.

“ಇವನು ಸತ್ತನೆಂದು ನಿಮಗೆ ಯಾರು ಹೇಳಿದರು?”

ರಾಯಭಾರಿ ತಲೆ ತಗ್ಗಿಸಿದರು. ಇಲಾರಾ ಬಾಗಿ, ಫೋಟೋದ ಮೇಲಿನ ಹೂವನ್ನು ಮೆಲ್ಲಗೆ ತೆಗೆದರು.

“ಕಾಣೆಯಾದವರೆಲ್ಲ ಸತ್ತರೆಂದು ಸಾರಬೇಕು, ಹುಡುಕುವುದನ್ನು ನಿಲ್ಲಿಸಬೇಕು. ನಿಮ್ಮ ಒಪ್ಪಂದದಲ್ಲಿ ಇರುವುದೂ ಇದೇ. ಇಲ್ಲೂ ಅದನ್ನೇ ಬಡಿಸಿದ್ದೀರಿ.”

“ನನಗೆ ಗೊತ್ತಿರಲಿಲ್ಲಮ್ಮ...” ಎಂದಳು ಚಿತ್ರಾ.

ಇಲಾರಾ ಅವಳ ಕೆನ್ನೆ ಸವರಿದರು. ಮಗನ ಫೋಟೋ ಎತ್ತಿಕೊಂಡು, ಒಂದು ತುತ್ತೂ ಉಣ್ಣದೆ ಹೊರಟುಹೋದರು.

ಒಪ್ಪಂದ ಸಂಸತ್ತಿನಲ್ಲಿ ಬಿದ್ದುಹೋಯಿತು. ಕಚೇರಿಯಲ್ಲಿ ಯಾರೂ ಚಿತ್ರಾಳನ್ನು ದೂರಲಿಲ್ಲ. ಚಳಿಗಾಲ ಕಳೆಯುವ ಮೊದಲೇ ಆ ಬೆಟ್ಟಗಳಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು. ಇನ್ನಷ್ಟು ಹುಡುಗರು ಹೋದರು. ಸತ್ತವರೆಷ್ಟು, ಕಾಣೆಯಾದವರೆಷ್ಟು, ಲೆಕ್ಕ ಯಾರಿಗೂ ಸಿಗಲಿಲ್ಲ.

ಮರುವರ್ಷದ ಅಮಾವಾಸ್ಯೆಗೆ ಚಿತ್ರಾ ಅಮ್ಮನಿಗೆ ಎಲೆ ಹಾಸಿದಳು. ಅಂಗಡಿಯಿಂದ ತಂದ ಕಟ್ಟಿನಲ್ಲಿ ಇನ್ನೂ ಎಲೆಗಳಿದ್ದವು. ಯಾರಿಗೆ ಇಡಬೇಕು, ಯಾರಿಗೆ ಇಡಬಾರದು ಎಂದು ತಿಳಿಯದೆ ಅವಳು ಕಟ್ಟಿನ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದಳು. ಸಾರು ಆರಿತು.