ಅಣ್ಣನ ಬೆರಳು ನಿಂತ ಜಾಗ

ನಮ್ಮಣ್ಣ ಶರಣಪ್ಪ ಇಂಗ್ಲಿಷ್ ಕಾಗದವನ್ನು ಎಂದೂ ಮೊದಲಿನಿಂದ ಓದುತ್ತಿರಲಿಲ್ಲ. ಯಾರಾದರೂ ತಂದು ಕೈಗಿಟ್ಟರೆ, ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ಬೆನ್ನ ಹಿಂದಕ್ಕೆ ಒಗೆದು, ತೋರುಬೆರಳನ್ನು ಸಾಲುಗಳ ಮೇಲೆ ಓಡಿಸುತ್ತಿದ್ದ. ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಹರಳು ಹುಡುಕುವವರ ಹಾಗೆ. ಎಲ್ಲೋ ನಡುವೆ ಬೆರಳು ಗಕ್ಕನೆ ನಿಲ್ಲುತ್ತಿತ್ತು. ಅಲ್ಲಿ ‘ಇಫ್’ ಎಂಬ ಎರಡಕ್ಷರದ ಶಬ್ದ ಇರುತ್ತಿತ್ತು. ಬಂದರೆ, ಕೊಟ್ಟರೆ, ಇದ್ದರೆ ಎಂದು ನಾವು ಅನ್ನುವಾಗಿನ ‘ರೆ’ ಅದು. ಆಮೇಲೆ ಬೆರಳು ಒಂದೇ ಒಂದು ಶಬ್ದದಷ್ಟು ಹಿಂದಕ್ಕೆ ಸರಿಯುತ್ತಿತ್ತು. “ಹಾಂ, ಇದರ ಮುಂದ ಯಾರ ನಿಂತಾರ ನೋಡೂಣು,” ಎನ್ನುತ್ತಿದ್ದ. ಉಳಿದ ಓದೆಲ್ಲ ಅದಾದ ಮೇಲೆ.

ಆಳಂದದ ಬಸ್ ನಿಲ್ದಾಣದ ಎದುರಿಗೆ ನಮ್ಮ ಟೇಲರ್ ಅಂಗಡಿ. ಅಪ್ಪ ಹೋದ ಮೇಲೆ ಅಣ್ಣನೇ ಮಷೀನಿಗೆ ಕೂತ. ಅವನು ಮ್ಯಾಟ್ರಿಕ್ ಪಾಸು, ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವನು ಹೊಲಿದ ಅಂಗಿಗೆ ಕಾಜಾ ಮಾಡಿ ಗುಂಡಿ ಹಚ್ಚುವುದು ನನ್ನ ಕೆಲಸ. ಸರಸಂಬಾ, ಮಾದನಹಿಪ್ಪರಗಾ ಕಡೆಯ ಬಸ್ಸಿಗೆ ಕಾಯುವವರು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. ಕೂತವರು ಚೀಲದಿಂದ ಏನಾದರೊಂದು ತೆಗೆಯುತ್ತಿದ್ದರು. ಕಚೇರಿಯ ಕಾಗದ, ನೀರಿನ ಪಂಪಿನ ಪುಸ್ತಕ, ತೊಗರಿಗೆ ಹೊಡೆಯುವ ಎಣ್ಣೆಯ ಡಬ್ಬಿ. “ಶರಣಪ್ಪಾ, ಇದು ಏನಂತದ ನೋಡಪಾ.”

ಅವನಿಗೆ ಅಷ್ಟು ಇಂಗ್ಲಿಷ್ ಕಲಿಸಿದ್ದು ಶಾಲೆಯಲ್ಲ, ಹೊಲಿಗೆ ಮಷೀನು. ಅದರ ಜೊತೆ ಬಂದ ಪುಸ್ತಕವನ್ನು ಓದಿ, ಮೊದಲ ವಾರವೇ ಒಂದು ಸ್ಕ್ರೂ ತಿರುವಿ ಮಷೀನನ್ನು ಕೆಡಿಸಿದ್ದ. ದಾರ ಪದೇಪದೇ ಹರಿದರೆ ಮಾತ್ರ ಆ ಸ್ಕ್ರೂ ಮುಟ್ಟಬೇಕು ಎಂದು ಅದರಲ್ಲಿ ಬರೆದಿತ್ತಂತೆ. ರಿಪೇರಿಯವನು ಕಲಬುರ್ಗಿಯಿಂದ ಬರುವ ತನಕ ಅಂಗಡಿ ಮುಚ್ಚಿತ್ತು. “ಸ್ಕ್ರೂ ಕಂಡಿತ್ತು, ಇಫ್ ಸುದ್ದಾ ಕಂಡಿತ್ತು ಬೇ. ಅದರ ಮುಂದಿನ ‘ಓನ್ಲಿ’ ಕಾಣಲಿಲ್ಲ ನೋಡು,” ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಅಂದಿನಿಂದ ಆ ಬೆರಳಿಗೆ ಆ ಅಭ್ಯಾಸ ಅಂಟಿತು.

ಕೆಲಸ ಇಲ್ಲದಾಗ ನನಗೂ ಹೇಳಿಕೊಡುತ್ತಿದ್ದ. “ಇಫ್ ಅಂದ್ರ ಬಸ್ಸಿನ ಬಾಗಲಾ. ಅದರ ಮುಂದ ನಿಂತಾಂವ ಕಂಡಕ್ಟರ್. ಓನ್ಲಿ ನಿಂತಿದ್ರ, ಟಿಕೀಟ್ ಇದ್ದವ್ರಷ್ಟ ಒಳಗ. ಮಂತ್ರಿ ಮಗ ಆದ್ರೂ ಇಳೀಬೇಕು. ಈವನ್ ನಿಂತಿದ್ರ, ಅಂವ ಭಾಳ ದಿಲ್‌ದಾರ ಮನಷ್ಯಾ. ಟಿಕೀಟ್ ಇರದಿದ್ರೂ ಬಾ, ಬಗಲಾಗ ಕೋಳಿ ಇದ್ರೂ ಬಾ.”

“ಬಾಗಲದಾಗ ಯಾರೂ ನಿಂತಿರದಿದ್ರ?”

“ಆವಾಗ ನಿನ್ನಂಥಾಕಿ ಧಡ್ ಅಂತ ಹತ್ತಿಬಿಡ್ತಾಳ.”

ಅವನ ಕನ್ನಡವೂ ಹಾಗೇ ಆಗಿಹೋಗಿತ್ತು. ಅಂಗಿ ಯಾವಾಗ ಕೊಡ್ತೀ ಎಂದು ಕೇಳಿದರೆ, “ಗುಂಡಿ ನೀವ ತಂದ್ರಷ್ಟ ಸೋಮವಾರ. ತಂದ ಮ್ಯಾಲ ಕರೆಂಟ್ ಹೋದ್ರೂ ಸೋಮವಾರ,” ಎನ್ನುತ್ತಿದ್ದ. “ಶರಣಪ್ಪನ ಕಡೆ ಅಂಗಿ ಹೊಲಸ್ಬೇಕಾದ್ರ ಬಾಜೂಕ ಒಬ್ಬ ವಕೀಲ ಬೇಕಪೋ,” ಎಂದು ಜನ ನಗುತ್ತಿದ್ದರು. ನಗುತ್ತಿದ್ದರು, ಆದರೆ ಕಾಗದ ಹಿಡಿದು ಅವನ ಹತ್ತಿರವೇ ಬರುತ್ತಿದ್ದರು.

ಒಮ್ಮೆ ಅಫಜಲಪುರದಿಂದ ಒಬ್ಬರು ಮಗನಿಗೆ ನೌಕರಿ ಸಿಕ್ಕಿತೆಂದು ಕಾಗದವನ್ನೂ ಪೇಡೆಯ ಡಬ್ಬಿಯನ್ನೂ ಹಿಡಿದು ಬಂದರು. ಅಣ್ಣನ ಬೆರಳು ಓಡಿತು, ನಿಂತಿತು, ಹಿಂದೆ ಸರಿಯಿತು. ಡಬ್ಬಿಯ ಮುಚ್ಚಳವನ್ನು ತಾನೇ ಹಾಕಿ, “ಕಾಕಾ, ಡಾಕ್ಟರ್ ಪಾಸ್ ಮಾಡಿದ್ರಷ್ಟ ಅಂತ ಬರದಾರ. ಪೇಡೆ ನಾಕ ದಿನ ಕೆಡಂಗಿಲ್ಲ, ಇಟ್ಟಿರ್ರಿ,” ಎಂದ. ಹುಡುಗ ಪಾಸಾದ. ಆ ಮನುಷ್ಯ ಎರಡನೇ ಸಲ ಡಬ್ಬಿ ತಂದು, ಮೊದಲ ಪೇಡೆಯನ್ನು ಅಣ್ಣನ ಬಾಯಿಗೇ ಇಟ್ಟರು.

ಇದನ್ನೆಲ್ಲ ನೋಡುತ್ತ ನೋಡುತ್ತ ನನಗೂ ಆಸೆ ಹುಟ್ಟಿತು. ಯಾರಾದರೂ ಒಂದು ದಿನ ನನ್ನ ಕೈಗೂ ಕಾಗದ ಕೊಡಬೇಕು ಅಂತ. ಓನ್ಲಿ ಇಫ್, ಈವನ್ ಇಫ್, ಈ ಎರಡು ಜೋಡಿಗಳ ಗುರುತು ನನಗೆ ಸಿಗುತ್ತಿತ್ತು. ಉಳಿದ ಇಂಗ್ಲಿಷೆಲ್ಲ ಇರುವೆ ಸಾಲು.

ಆ ದಿನ ಅಣ್ಣ ಜೇವರ್ಗಿಗೆ ಹೋಗಿದ್ದ. ಮಧ್ಯಾಹ್ನ ಸರಸಂಬಾದ ಕಾಶೀಬಾಯಿ ಬಂದಳು. ಗಂಡ ಇಲ್ಲದಾಕೆ, ಒಂದೇ ಎಮ್ಮೆಯ ಹಾಲಿನ ಮೇಲೆ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಸೆರಗಿನಿಂದ ಒಂದು ಬಾಟಲಿ ತೆಗೆದಳು.

“ನಿಮ್ಮಣ್ಣ ಎಲ್ಲಿ ಬೇ?”

“ಜೇವರ್ಗಿಗೆ ಹೋಗ್ಯಾನ್ರಿ. ಸಂಜಿ ಬಸ್ಸಿಗೆ ಬರ್ತಾನ.”

“ಅಲ್ಲಿತನಾ ಕುಂತ್ರ ನನ್ನ ಬಸ್ ಹೋಗ್ತದಲ್ಲ! ಜಂತಿನ ಔಷಧಾ ಕೊಟ್ಟಾರ. ನಂದು ಗಬ್ಬದ ಎಮ್ಮಿ. ಕೊಡಬೇಕೋ ಬ್ಯಾಡೋ ಕೇಳಬೇಕಿತ್ತು.”

ಕಟ್ಟೆಯ ಮೇಲಿದ್ದ ಇನ್ನೊಬ್ಬ ಹೆಂಗಸು, “ಈಕಿನ್ನ ಕೇಳು. ದಿನಾ ಬಾಜೂಕ ಕೂಡ್ತಾಳ,” ಎಂದಳು.

“ಈಕಿ ಏನ್ ಓದ್ತಾಳ ಬಿಡ, ಗುಂಡಿ ಎಣಸ್ತಾಳ,” ಎಂದಳು ಕಾಶೀಬಾಯಿ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ ಅದು. ಆದರೆ ನನಗೆ ನಾಟಿತು.

ಬಾಟಲಿ ಇಸಿದುಕೊಂಡೆ. ಅಣ್ಣನ ಹಾಗೆಯೇ ಬೆರಳು ಓಡಿಸಿದೆ. ಇಫ್ ಸಿಕ್ಕಿತು. ಹಿಂದೆ ಸರಿದೆ. ಓನ್ಲಿ ನಿಂತಿತ್ತು. ಇಲ್ಲಿ ಏನೋ ಒಂದು ಷರತ್ತು ಇದೆ, ಅದು ತಪ್ಪಿದರೆ ಕೊಡಬಾರದು ಎಂಬುದು ನನಗೆ ಸ್ಪಷ್ಟವಾಗಿ ತಿಳಿಯಿತು. ಆ ಷರತ್ತು ಏನೆಂಬುದು ಮಾತ್ರ ತಿಳಿಯಲಿಲ್ಲ. ಏನೂ ಓದಲು ಬರದವಳಾಗಿದ್ದರೆ ಬಾಟಲಿ ತಿರುಗಿ ಕೊಡುತ್ತಿದ್ದೆ. ನಾಲ್ಕು ಜನ ನನ್ನ ಬೆರಳನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಎಮ್ಮಿ ಹೊಟ್ಟಿ ತುಂಬ ನೀರ ಕುಡದಿದ್ರಷ್ಟ ಕೊಡ್ರಿ ಅಂತ ಬರದಾರ.”

ಕಾಶೀಬಾಯಿಗೆ ಅನುಮಾನ ಹೋಗಲಿಲ್ಲ. “ಗಬ್ಬದ್ದು ಏನೂ ಇಲ್ಲೇನು? ನಿಮ್ಮಣ್ಣ ಆಗಿದ್ರ...”

“ಅಣ್ಣನೂ ನಿನ್ನೆ ಇಂಥಾದೇ ಬಾಟ್ಲಿ ಓದ್ಯಾನ್ರಿ. ಹಿಂಗ ಅಂದಾನ,” ಎಂದೆ.

ಅಣ್ಣನ ಹೆಸರು ಬಂದ ಕೂಡಲೇ ಅವಳ ಮುಖ ಹಗುರಾಯಿತು. ಬಾಟಲಿಯನ್ನು ಸೆರಗಿಗೆ ಕಟ್ಟಿಕೊಂಡು ಬಸ್ ಹತ್ತಿದಳು. ಸಂಜೆ ಅಣ್ಣ ಬಂದಾಗ ನಾನು ಇದನ್ನು ಹೇಳಲಿಲ್ಲ. ಹೇಳಿದ್ದರೆ, ಬೆಳಗಿನ ಬಸ್ಸಿಗೆ ಹೋಗಿ ತಡೆಯಲು ಆಗಲೂ ವೇಳೆ ಇತ್ತು.

ಎಂಟು ದಿನದ ಮೇಲೆ ಕಾಶೀಬಾಯಿ ತನ್ನ ಮೈದುನನ ಜೊತೆ ಬಂದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಾಟಲಿ ಇಟ್ಟಳು. ಮಾತಾಡಿದ್ದೆಲ್ಲ ಮೈದುನ.

“ನಿನ್ನ ಮಾತ ಕೇಳಿ ಕೊಟ್ಟೇವಿ. ಮೂರನೇ ದಿನಕ್ಕ ಎಮ್ಮಿ ದಿನಾ ತುಂಬದ ಕಂದ ಹಾಕ್ತು. ಮತ್ತ ಎರಡು ದಿನಕ್ಕ ಎಮ್ಮಿನೂ ಸತ್ತು ಹೋತು. ನೀನೇ ಓದೀದಿ ಅಂತ ನಿನ್ನ ತಂಗಿ ಹೇಳ್ಯಾಳ. ಹೌದೋ ಅಲ್ಲೋ, ಅದೊಂದು ಹೇಳು.”

ಅಣ್ಣ ಬಾಟಲಿ ಎತ್ತಿಕೊಂಡ. ಬೆರಳು ಓಡಿತು, ನಿಂತಿತು, ಹಿಂದೆ ಸರಿಯಿತು. ಅಲ್ಲೇ ನಿಂತುಬಿಟ್ಟಿತು. ಗಬ್ಬ ಇರದಿದ್ದರೆ ಮಾತ್ರ ಎಂದು ಅಲ್ಲಿ ಬರೆದಿತ್ತು. ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ಗುರುತು ಸಿಗದವರನ್ನು ನೋಡುವ ಹಾಗೆ. ನಾನು ಕೈಯಲ್ಲಿದ್ದ ಅಂಗಿಯ ಗುಂಡಿಯನ್ನು ನೋಡಿದೆ.

“ಹೌದ್ರಿ,” ಎಂದ ಅಣ್ಣ. “ನಾನ ಓದಿದ್ದೆ. ತಪ್ಪಾತು.”

ಕೈಯಲ್ಲಿದ್ದ ಸೂಜಿ ಬೆರಳಿಗೆ ಹೊಕ್ಕಿದ್ದು ನನಗೆ ಗೊತ್ತೇ ಆಗಲಿಲ್ಲ. ಬಿಳಿ ಅಂಗಿಯ ಮೇಲೆ ಕೆಂಪು ಹರಡಿದಾಗ ನೋಡಿದೆ. ಮೈದುನ ಅಣ್ಣನ ಕೊರಳಪಟ್ಟಿ ಹಿಡಿದ. ಕಾಶೀಬಾಯಿ ಬೈಯಲಿಲ್ಲ, ಅಳಲಿಲ್ಲ. ಅಂಗಡಿಯಿಂದ ಇಳಿದು, ರಸ್ತೆಯಿಂದ ಒಂದು ಹಿಡಿ ಮಣ್ಣು ತೆಗೆದು ಅಣ್ಣನ ಕಡೆ ತೂರಿದಳು. ಇಡೀ ಬಸ್ ನಿಲ್ದಾಣ ನೋಡುತ್ತಿತ್ತು. ನಾನೂ ನೋಡುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಅಣ್ಣ ನಮ್ಮ ಮನೆಯ ಎಮ್ಮೆಯನ್ನು ಹಗ್ಗ ಹಿಡಿದು ಸರಸಂಬಾದ ತನಕ ನಡೆಸಿಕೊಂಡು ಹೋಗಿ ಕಾಶೀಬಾಯಿಯ ಅಂಗಳದಲ್ಲಿ ಕಟ್ಟಿ ಬಂದ. ಸಂಜೆ ಅವನು ಕಾಲು ತೊಳೆಯುವಾಗ ನಾನು ಎದುರಿಗೆ ನಿಂತೆ.

“ಅಣ್ಣಾ, ನಾ ಹೋಗಿ ಖರೇ ಹೇಳ್ತೇನಿ.”

“ನಿಂದಿನ್ನ ಲಗ್ನ ಆಗಬೇಕು,” ಎಂದ. “ನನಗ ಮಂದಿ ನಾಕ ದಿನ ಬೈತಾರ. ನಿನ್ನ ಹೆಸರ ಕೆಟ್ರ ಕೆಟ್ಟಂಗ. ಯಾರರೆ ಕೇಳಿದ್ರಷ್ಟ ಹೇಳು. ಕೇಳದಿದ್ರ ಸುಮ್ಮನಿರು.” ಕಾಲು ಒರೆಸಿಕೊಂಡು, “ಗೊತ್ತಿಲ್ಲ ಅನ್ನಾಕ ಯಾವ ಇಂಗ್ಲಿಷೂ ಬೇಕಾಗಿಲ್ಲ ಬೇ,” ಎಂದ. ಅದರ ವಿಷಯದಲ್ಲಿ ಅವನು ನನಗೆ ಹೇಳಿದ್ದು ಅಷ್ಟೇ.

ಆಮೇಲೂ ಜನ ಕಟ್ಟೆಯ ಮೇಲೆ ಕೂಡುತ್ತಿದ್ದರು, ಅಂಗಿ ಹೊಲಿಸುತ್ತಿದ್ದರು. ಚೀಲದಿಂದ ಕಾಗದ ಮಾತ್ರ ಹೊರಗೆ ಬರಲಿಲ್ಲ. ಅಪ್ಪಿತಪ್ಪಿ ಯಾರಾದರೂ ತೆಗೆದರೆ, ಬಾಜೂಕಿನವರು ಮೊಣಕೈಯಿಂದ ತಿವಿಯುತ್ತಿದ್ದರು. ಅಣ್ಣ ಕಂಡೂ ಕಾಣದವನಂತೆ ಮಷೀನು ತುಳಿಯುತ್ತಿದ್ದ. ಒಮ್ಮೊಮ್ಮೆ ಅವನ ತೋರುಬೆರಳು ಬಟ್ಟೆಯ ಮೇಲೆ ಸುಮ್ಮನೆ ಓಡಿ ನಿಲ್ಲುತ್ತಿತ್ತು.

ನನ್ನ ಲಗ್ನವಾಯಿತು, ನೆಲೋಗಿಗೆ ಬಂದೆ. ಹದಿಮೂರು ವರ್ಷ ಯಾರೂ ನನ್ನನ್ನು ಕೇಳಲಿಲ್ಲ. ಕೇಳುವ ಜಾಗಕ್ಕೆ ನಾನೂ ಹೋಗಲಿಲ್ಲ. ಅಣ್ಣ ಕೊಟ್ಟ ಆ ‘ಕೇಳಿದ್ರಷ್ಟ’ ನನಗೆ ಬಹಳ ಅನುಕೂಲದ ಮಾತಾಗಿತ್ತು.

ಈಚೆಗೆ ಅಣ್ಣನಿಗೆ ಎದೆನೋವು ಬಂತು, ನಾನು ಆಳಂದ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಮಣ್ಣು ಕೊಟ್ಟು ಬಂದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ತಿಂಗಳು ತಡೆದು, ಎರಡು ಬಸ್ ಬದಲಿಸಿ ಸರಸಂಬಾಕ್ಕೆ ಹೋದೆ. ಯಾರೂ ಕೇಳದಿದ್ದರೂ ಹೇಳಬೇಕೆಂದು.

ಕಾಶೀಬಾಯಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಎಮ್ಮೆಯ ಮೈ ತಿಕ್ಕುತ್ತಿದ್ದಳು. ಅದು ನಮ್ಮ ಎಮ್ಮೆಯ ಮಗಳು. ಹಣೆಯ ಮೇಲೆ ತಾಯಿಯದೇ ಬಿಳಿ ಚುಕ್ಕೆ. ನಿಂತಲ್ಲೇ ಎಲ್ಲ ಹೇಳಿದೆ. ಬೈಯಲಿ, ಮಣ್ಣು ತೂರಲಿ ಎಂದು ಕಾಯುತ್ತ ನಿಂತೆ.

ಅವಳ ಕೈಯಿಂದ ಹುಲ್ಲಿನ ಸಿಂಬೆ ಬಿತ್ತು.

“ಅಂವ ಓದಿರಲಿಲ್ಲ?”

“ಇಲ್ರಿ.”

“ಬಾಟ್ಲಿನ ನೋಡಿರಲಿಲ್ಲ?”

“ಇಲ್ರಿ.”

ಗೋಡೆ ಹಿಡಿದು ಕೆಳಗೆ ಕೂತಳು. “ಆಳಂದಕ್ಕ ಹೋದಾಗೆಲ್ಲ ಆ ಅಂಗಡಿ ಮುಂದ ನಿಂತು ಮಣ್ಣ ತೂರೀನಿ ನಾ. ಒಂದ ಸಲಾನೂ ಬಿಟ್ಟಿಲ್ಲ. ಅಂವ ತಲಿ ಬಗ್ಗಿಸಿ ಮಷೀನ ತುಳೀತಿದ್ದ. ಸತ್ತಾನ ಅಂತ ಕೇಳಿ, ಚಲೋ ಆತು ಅಂದೆ. ಈ ಬಾಯಿಂದನ ಅಂದೆ.” ನನ್ನ ಕಡೆ ನೋಡಿದಳು. ಆ ದಿನ ಅಣ್ಣ ನೋಡಿದ ಹಾಗೆಯೇ. “ಅಂವ ಇದ್ದಾಗ ಬಂದು ಹೇಳಿದ್ರ ಹೋಗಿ ಕಾಲ ಹಿಡೀತಿದ್ದೆ. ಈಗ ಯಾರ ಕಾಲ ಹಿಡೀಲಿ, ಹೇಳು.”

ಎಮ್ಮೆ ಅರ್ಧ ತಿಕ್ಕಿಸಿಕೊಂಡು ನಿಂತಿತ್ತು. ಅವಳು ಕಾಯುತ್ತಿದ್ದಳು.

“ನನಗ ಗೊತ್ತಿಲ್ರಿ,” ಎಂದೆ.