ಕದಿರಮ್ಮನ ಸ್ವಂತ ಬಾಗಿಲು

ಸೂಲಿಬೆಲೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕದಿರಮ್ಮ ಸ್ವಂತ ಮನೆಗೆ ಹಟ ಹಿಡಿದದ್ದು, ಗಂಡನ ಹೆಣ ಇಳಿಸಲು ಒಂದು ಬಾಗಿಲು ಬೇಕೆಂದು. ಕೇಳಲು ಕೆಟ್ಟದಾಗಿದೆ, ಆದರೆ ನಿಜ. ಗಂಡ ಪಿಳ್ಳಣ್ಣನ ಶ್ವಾಸಕೋಶ ಕೈಕೊಟ್ಟಿತ್ತು. ಸಾವುಗೀವು ಆದರೆ ಹೆಣವನ್ನು ಗೇಟಿನೊಳಗೆ ತರಕೂಡದು ಎಂದು ಬಾಡಿಗೆ ಮನೆಯ ಓನರು ಮೊದಲೇ ಹೇಳಿಬಿಟ್ಟಿದ್ದ. ಪಿಳ್ಳಣ್ಣ ಅದನ್ನು ಮಲಗಿದಲ್ಲೇ ಕೇಳಿಸಿಕೊಂಡಿದ್ದ.

"ಬೀದೀಲಿ ಹಾಕ್ಬೇಡ ಕಣೇ ನನ್ನ" ಎಂದಿದ್ದ.

ಎದುರು ಬೀದಿಯ ಕೆಂಪರಾಜನ ಹೆಂಚಿನ ಮನೆ ಮಾರಾಟಕ್ಕಿತ್ತು. ಅವನಿಗೆ ದುಡ್ಡು ಬೇಕು, ಮನೆ ಬಿಡಲು ಮನಸ್ಸಿಲ್ಲ. ಅಡ್ವಾನ್ಸ್ ಜೇಬಿಗಿಳಿದ ಮೇಲೆ ತಂಗಿ ಸಹಿಗೆ ಬರುತ್ತಿಲ್ಲ ಎಂದ. ತಂಗಿ ಬಂದಾಗ ಆಷಾಢ ಎಂದ. ಆಷಾಢ ಕಳೆದರೆ ಖಾತೆಯಲ್ಲಿ ತಾತನ ಹೆಸರು ತಪ್ಪಾಗಿದೆ ಎಂದ. ಫೋನ್ ಎತ್ತುವುದಿಲ್ಲ, ಎದುರಿಗೆ ಸಿಕ್ಕರೆ ಹಲ್ಲು ಕಿರಿಯುತ್ತಾನೆ, ನಾಚಿಕೆಗೆಟ್ಟವನು. ಅಂತೂ ಹೊಸಕೋಟೆಯಲ್ಲಿ ರಿಜಿಸ್ಟರ್ ಆಯಿತು. ಬೀಗದ ಕೈ ಕೇಳಿದರೆ ಕಣ್ಣೊರೆಸಿಕೊಂಡ.

"ನಮ್ಮಮ್ಮ ಇವತ್ತೋ ನಾಳೆಯೋ ಅಂತವ್ಳೆ ಕಣಕ್ಕ. ಬಾಳಿದ್ ಮನೆಯಿಂದ್ಲೇ ಹೋಗ್ಲಿ."

ಆ ಮಾತಿಗೆ ಕದಿರಮ್ಮ ಕರಗಿಹೋದಳು. ತನ್ನ ಗಂಡ ಬೇಡಿದ್ದೂ ಅದನ್ನೇ ಅಲ್ಲವೇ? ಹೂಂ ಎಂದುಬಿಟ್ಟಳು.

ಅವನ ತಾಯಿ, ಮುದುಕಿ ಲಕ್ಷ್ಮೀದೇವಮ್ಮ ಆ ಮನೆಯಲ್ಲೇ ಸತ್ತದ್ದು ಕೆಟ್ಟ ನಕ್ಷತ್ರದಲ್ಲಿ. ಆರು ತಿಂಗಳು ಮನೆ ಮುಚ್ಚಬೇಕು, ಇಲ್ಲದಿದ್ದರೆ ಅಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂದರು ಜೋಯಿಸರು. ಅಷ್ಟು ದಿನ ಜಪ್ಪಯ್ಯ ಅಂದರೂ ಕದಲದ ಕೆಂಪರಾಜ, ತಿಥಿ ಮುಗಿದ ಮಧ್ಯಾಹ್ನವೇ ಬಾಗಿಲಿಗೆ ಬೀಗ ಜಡಿದು, ಅಡ್ಡಲಾಗಿ ಮುಳ್ಳು ಹಾಕಿ, ಬೀಗದ ಕೈಯನ್ನು ಕದಿರಮ್ಮನಿಗೆ ಕೊಟ್ಟು ಹೋದ.

ನಕ್ಷತ್ರ ಹಾಳಾಗಲಿ, ಇವತ್ತೇ ಹೋಗೋಣ ಎಂದಳು ಅವಳು. ಪಿಳ್ಳಣ್ಣ ಒಪ್ಪಲಿಲ್ಲ.

"ಬೀಳೋದು ನಿಂದಾದ್ರೆ?" ಎಂದ.

ಅವನ ಉಸಿರು ಆರು ತಿಂಗಳು ಕಾಯಲಿಲ್ಲ. ಆಸ್ಪತ್ರೆಗೆ ಒಯ್ದವನು ಹೆಣವಾಗಿ ಬಂದಾಗ ಓನರು ಗೇಟಿಗೆ ಅಡ್ಡ ನಿಂತಿದ್ದ. ಕದಿರಮ್ಮ ಅವನ ಮುಖವನ್ನೂ ನೋಡದೆ ಎದುರು ಬೀದಿಗೆ ನಡೆದು, ಮುಳ್ಳು ಕಿತ್ತೆಸೆದು, ತನ್ನ ಮನೆಯ ಬಾಗಿಲು ತೆಗೆದಳು. ಹೆಣ ಹೊತ್ತವರು ಮೆಟ್ಟಿಲ ಬಳಿ ನಿಂತುಬಿಟ್ಟರು. ಎಲ್ಲರೂ ನೆಂಟರೇ. ಅವರವರ ಮಕ್ಕಳು ಮರಿ ನೆನಪಾಗಿರಬೇಕು, ಒಬ್ಬರೂ ಕಾಲೆತ್ತಲಿಲ್ಲ. ಪಿಳ್ಳಣ್ಣನನ್ನು ಅವನ ಸ್ವಂತ ಮನೆಯ ಮುಂದೆ, ಬೀದಿಯಲ್ಲೇ ಇಳಿಸಿದರು. ಕದಿರಮ್ಮ ಒಬ್ಬಳೇ ಒಳಗೆ ಹೋಗಿ, ತೊಟ್ಟಿಯಿಂದ ನೀರು ತಂದು ಅವನಿಗೆ ಸ್ನಾನ ಮಾಡಿಸಿದಳು.

ಅಷ್ಟರಲ್ಲಿ ಕೆಂಪರಾಜ ಹಾರ ಹಿಡಿದು ಬಂದ. ಹಾರ ಹಾಕಿದವನು ತೆರೆದ ಬಾಗಿಲಿನತ್ತ ಕತ್ತು ಚಾಚಿ, ಅಮ್ಮನ ಮಂಚ ಒಳಗೇ ಉಳಿದಿದೆಯೆಂದೂ, ಅದು ಮಾರಾಟದ ಮಾತಿನಲ್ಲಿ ಸೇರಿರಲಿಲ್ಲವೆಂದೂ ಮೆಲ್ಲಗೆ ಹೇಳಿದ.

ಕದಿರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಕ್ಕಕ್ಕೆ ಸರಿದಳು.

"ಇವತ್ತೇ ತಗೊಂಡೋಗಣ್ಣ. ಬಾಗ್ಲು ತೆಗ್ದೈತೆ, ಒಳೀಕೆ ಬಾ."

ಕೆಂಪರಾಜ ಮೆಟ್ಟಿಲು ನೋಡಿದ, ಹೆಣ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಜನರ ಹಿಂದಕ್ಕೆ ಹೋಗಿ ನಿಂತ.